ವಾರಗಿತ್ತಿಯರು ಪಾಸ್ ದಾಟಿದ್ದು

ಹೊಟ್ಟೆಕಿಚ್ಚಿನಿಂದ ಜನ ಮನೆ ಕಟ್ಟಿದ್ದಾರೆ, ಕಾರು ಕೊಂಡಿದ್ದಾರೆ, ಸಂಗೀತ ಬಾರದ ಮಕ್ಕಳನ್ನ ಪಿಯಾನೋ ಕ್ಲಾಸಿಗೆ ಸೇರಿಸಿದ್ದಾರೆ. ನಾನು ಹಿಮಾಲಯಕ್ಕೆ ಹೋದೆ. "ಇಂಥವೆಲ್ಲ ನಿಮಗೇ ಯಾಕೆ ಆಗ್ತಾ ಇರುತ್ತೆ?" ಅಂತ ಫಾರ್ಮಸಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರು ಕೇಳುತ್ತಾರೆ. ನನಗೊಬ್ಬಳು ವಾರಗಿತ್ತಿ ಇದ್ದಾಳೆ, ಅದಕ್ಕೇ ಆಗ್ತಾ ಇರುತ್ತೆ.

ವಾರಗಿತ್ತಿ ಅಂದರೆ ನನ್ನ ಮೈದುನನ ಹೆಂಡತಿ. ಧಾರವಾಡದವಳು, ಹಲ್ಲಿನ ಡಾಕ್ಟರು, ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಮನೆ. ನಾನು ಮೈಸೂರಿನವಳು, ಫಾರ್ಮಸಿಸ್ಟು, ನ್ಯೂಜೆರ್ಸಿಯ ರಾಬಿನ್ಸ್‌ವಿಲ್‌ನಲ್ಲಿ ಟೌನ್‌ಹೌಸು. ಅವಳ ಮನೆ ಹಿಂದೆ ಮೇಪಲ್ ಮರಗಳ ಸಾಲು, ನಮ್ಮ ಮನೆ ಹಿಂದೆ ವೇರ್‌ಹೌಸುಗಳ ಸಾಲು. ಅವಳು ನನಗಿಂತ ನಾಲ್ಕೇ ವರ್ಷ ಚಿಕ್ಕವಳು, ಆದರೆ ನೋಡಿದವರು ಹಾಗೆ ಹೇಳಲ್ಲ. ಬಾಯಿ ತುಂಬ "ಅಕ್ಕಾ" ಅಂತ ಕರೀತಾಳೆ. ಎಷ್ಟು ಪ್ರೀತಿಯಿಂದ ಕರೀತಾಳೆ ಅಂದರೆ, ಜಗಳ ತೆಗೆಯೋಕೆ ಎಲ್ಲೂ ಸಂದು ಸಿಗಲ್ಲ. ನನ್ನ ಮುಖ್ಯ ಕಷ್ಟವೇ ಅದು.

ದೋಸೆ ಮುಂದೆ ಬುಕ್ಕಿಂಗ್

ಫ್ಲಶಿಂಗಿನ ಗಣಪತಿ ದೇವಸ್ಥಾನಕ್ಕೆ ನಾವು ಎರಡೂ ಸಂಸಾರ ಸೇರಿ ಹೋಗಿದ್ದೆವು. ದರ್ಶನ ಮುಗಿಸಿ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತಾ ಕೂತಿದ್ದಾಗ ಅವಳು ಚಟ್ನಿ ಬಟ್ಟಲನ್ನ ನನ್ನ ಕಡೆ ಸರಿಸಿ ಹೇಳಿದಳು: "ಅಕ್ಕಾ, ಒಂದು ಸುದ್ದಿ ಅದ ರೀ. ನಾ ಹಿಮಾಲಯಕ್ಕ ಟ್ರೆಕಿಂಗ್ ಹೊಂಟೀನಿ. ಪಾಸ್ ದಾಟೂದದ."

"ಪಾಸ್ ದಾಟೋದು ಅಂದ್ರೆ?" ಅಂದರು ನನ್ನ ಯಜಮಾನರು. ಇಪ್ಪತ್ತು ವರ್ಷದಿಂದ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುತ್ತಿರುವ ಅವರಿಗೆ ಪಾಸ್ ಅಂದರೆ ಟ್ರೇನಿನ ಮಂತ್ಲಿ ಪಾಸು.

ನನ್ನ ಮೈದುನ ವಿವರಿಸಿದ. "ಎರಡು ಬೆಟ್ಟದ ಮಧ್ಯೆ ಇರೋ ದಾರಿ ಅಣ್ಣಾ. ಈ ಕಡೆ ಕಣಿವೆಯಿಂದ ಹತ್ತಬೇಕು, ಆ ಕಡೆ ಕಣಿವೆಗೆ ಇಳೀಬೇಕು. ಗೈಡು, ಟೆಂಟು, ಅಡುಗೆಯವರು ಎಲ್ಲಾ ಇರ್ತಾರೆ. ಮೇಲೆ ಪೂರ್ತಿ ಹಿಮ." ಹೇಳುವಾಗ ಅವನ ಎದೆ ಎರಡಿಂಚು ಉಬ್ಬಿತ್ತು. ಹತ್ತೋದು ಅವಳು, ಉಬ್ಬೋದು ಇವನು.

ಪಕ್ಕದ ಟೇಬಲ್ಲಿನ ಆಂಟಿಯೊಬ್ಬರು ತಿರುಗಿ, "ವಾವ್, ಈ ವಯಸ್ಸಲ್ಲಿ!" ಅಂದರು. ಆ 'ವಾವ್' ಕೇಳಿದ್ದೇ ನನ್ನೊಳಗೆ ಏನೋ ಚುರುಕ್ ಅಂತು. ನನ್ನ ಬಾಯಿ ನನ್ನನ್ನ ಕೇಳದೆ ಮಾತಾಡಿಬಿಟ್ಟಿತು. "ಹೌದಾ? ನಾನೂ ಬುಕ್ ಮಾಡಿದೀನಲ್ಲ!"

ಯಜಮಾನರ ಕೈಲಿದ್ದ ದೋಸೆ ತುಂಡು ಬಾಯಿಗೂ ತಟ್ಟೆಗೂ ಮಧ್ಯೆ ನಿಂತುಬಿಟ್ಟಿತು.

"ಯಾವ ಟ್ರೆಕ್ಕಿಗೆ ರೀ ಅಕ್ಕಾ?"

"ಅದಕ್ಕೇ. ನೀನು ಹೋಗ್ತಿದೀಯಲ್ಲ, ಅದಕ್ಕೇ."

ಅವಳು ಸುಳ್ಳು ಅಂತ ಒಂದು ಕ್ಷಣವೂ ಅಂದುಕೊಳ್ಳಲಿಲ್ಲ. ಎದ್ದು ಬಂದು ಅಪ್ಪಿಕೊಂಡಳು. "ಹಂಗಿದ್ರ ಇಬ್ಬರೂ ಒಂದ ಟೆಂಟ್ ತಗೊಳ್ಳೂಣು ರೀ!"

ಕಾರಿನಲ್ಲಿ ವಾಪಸ್ ಹೊರಟೆವು. ಸೇತುವೆ ದಾಟಿದ ಮೇಲೆ ಯಜಮಾನರು ಮೆಲ್ಲಗೆ ಹೇಳಿದರು: "ಇನ್ನು ಮೇಲೆ ಅವಳು ಏನಾದರೂ ಸುದ್ದಿ ಹೇಳೋಕೆ ಶುರು ಮಾಡಿದ ತಕ್ಷಣ ನೀನು ಬಾಯಿ ತುಂಬ ದೋಸೆ ತುರುಕಿಕೊಂಡುಬಿಡು."

ಅಕ್ಕಿ ಹೊತ್ತವಳು

ಬುಕ್ ಮಾಡಿದೆ, ನಿಜಕ್ಕೂ. ಆಮೇಲೆ ತಯಾರಿ. ಅವಳು ಒಂದು ವಾರ ಬೇರ್ ಮೌಂಟನ್ ಹತ್ತಿದ ಫೋಟೋ ಹಾಕಿದಳು, ಮುಂದಿನ ವಾರ ಕ್ಯಾಟ್‌ಸ್ಕಿಲ್ಸ್. ಹಿಂದೆ ನೀಲಿ ಬೆಟ್ಟ, ಮುಂದೆ ಅವಳ ಸೇಬಿನಂಥ ಕೆನ್ನೆ. ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ಹೃದಯದ ಚಿತ್ರ ಒತ್ತಿದರು. ನಾನೂ ಒತ್ತಿದೆ, ಹಲ್ಲು ಕಚ್ಚಿಕೊಂಡು.

ನಮ್ಮ ರಾಬಿನ್ಸ್‌ವಿಲ್ ತಟ್ಟೆಯ ಹಾಗೆ ಚಪ್ಪಟೆ. ಊರಿನಲ್ಲಿ ಏರು ಅಂತ ಇರೋದು ಹೈವೇ ಮೇಲಿನ ಓವರ್‌ಬ್ರಿಜ್ ಒಂದೇ, ಅಲ್ಲಿ ಟ್ರಕ್ಕುಗಳು ಓಡಾಡುತ್ತವೆ. ಹುಡುಕಿ ಹುಡುಕಿ ಕೊನೆಗೆ ರೈಲ್ವೆ ಸ್ಟೇಷನ್ನಿನ ಬಹುಮಹಡಿ ಪಾರ್ಕಿಂಗ್ ಗರಾಜು ಸಿಕ್ಕಿತು. ಅದರ ಮೆಟ್ಟಿಲೇ ನನ್ನ ಹಿಮಾಲಯ. ಬೆನ್ನ ಮೇಲೆ ಭಾರ ಇರಬೇಕು ಅಂತ ಟ್ರೆಕ್ಕಿನವರು ಹೇಳಿದ್ದರು. ಮಗಳು ಹೈಸ್ಕೂಲಿಗೆ ಒಯ್ಯುತ್ತಿದ್ದ ಬ್ಯಾಗಿನಲ್ಲಿ ಸೋನಾ ಮಸೂರಿ ಅಕ್ಕಿ ಚೀಲ ಇಟ್ಟುಕೊಂಡು, ಶನಿವಾರ ಬೆಳಿಗ್ಗೆ ಹತ್ತೋದು ಇಳಿಯೋದು, ಹತ್ತೋದು ಇಳಿಯೋದು.

ಎರಡನೇ ಶನಿವಾರ ಒಬ್ಬ ಗುಜರಾತಿ ಅಂಕಲ್ ನನ್ನನ್ನ ಮೆಟ್ಟಿಲಲ್ಲಿ ತಡೆದು, ಬ್ಯಾಗಿನಿಂದ ಇಣುಕುತ್ತಿದ್ದ ಚೀಲ ನೋಡಿ, "ಬೆಹೆನ್, ಇದು ಎಲ್ಲಿ ಸೇಲ್?" ಅಂತ ಕೇಳಿದರು. ಅದೇನೂ ದೊಡ್ಡದಲ್ಲ. ಮೂರನೇ ಶನಿವಾರ ಚೀಲದ ಹೊಲಿಗೆ ಬಿಟ್ಟಿತ್ತು, ನನಗೆ ಗೊತ್ತಿಲ್ಲ. ನಾನು ಹೋದಲ್ಲೆಲ್ಲ ಬೆನ್ನ ಹಿಂದೆ ಸಣ್ಣಗೆ ಅಕ್ಕಿ ಸುರೀತಾ ಇದೆ. ಮೇಲಿನ ಮಹಡಿಯಲ್ಲಿ ಏದುಸಿರು ಬಿಡುತ್ತಾ ನಿಂತಿದ್ದಾಗ, ಆ ಅಕ್ಕಿಯ ಜಾಡು ಹಿಡಿದು ಒಬ್ಬ ಪೊಲೀಸ್ ಆಫೀಸರ್ ಬಂದ.

"ಮ್ಯಾಮ್, ಬ್ಯಾಗಿನಲ್ಲಿ ಏನಿದೆ?"

"ಅಕ್ಕಿ."

"ಮೇಲಕ್ಕೆ ಯಾಕೆ ಒಯ್ತಿದೀರಿ?"

"ಮತ್ತೆ ಕೆಳಗೆ ಒಯ್ಯೋದಕ್ಕೆ."

ಅವನು ಮೆಟ್ಟಿಲ ಮೇಲಿನ ಅಕ್ಕಿ ನೋಡಿದ, ನನ್ನ ಮುಖ ನೋಡಿದ. "ಮ್ಯಾಮ್, ಆರ್ ಯೂ ಓಕೆ?"

ಸುಳ್ಳು ಹೇಳುವಷ್ಟು ಉಸಿರು ಇರಲಿಲ್ಲ. "ನನ್ನ ಗಂಡನ ತಮ್ಮನ ಹೆಂಡತಿ ಹಿಮಾಲಯ ಹತ್ತುತಾಳೆ. ಅದಕ್ಕೆ ನಾನೂ ಹತ್ತಬೇಕು," ಅಂದೆ.

ಅವನ ಮುಖ ಮೆತ್ತಗಾಯಿತು. "ನನ್ನ ಹೆಂಡತಿಯ ಅಕ್ಕನ ಗಂಡ ಹೋದ ಸಮ್ಮರಿನಲ್ಲಿ ದೋಣಿ ತಗೊಂಡ," ಅಂದ. ಆಮೇಲೆ ನನ್ನ ಬ್ಯಾಗಿನ ಜಿಪ್ಪು ಅವನೇ ಎಳೆದು ಹಾಕಿ, "ಕ್ಯಾರಿ ಆನ್, ಮ್ಯಾಮ್. ಬೀಟ್ ಹರ್," ಅಂದು ಹೋದ.

ಅತ್ತೆಯ ಆಶೀರ್ವಾದ

ಹೊರಡುವ ಮುಂಚೆ ಮೈಸೂರಿಗೆ ವಿಡಿಯೋ ಕಾಲ್ ಮಾಡಿ ಅತ್ತೆಗೆ ನಮಸ್ಕಾರ ಮಾಡಿದೆ. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು, "ನೀನು ಜೊತೇಲಿದೀಯಲ್ಲ, ನನಗೆ ಅದೇ ಧೈರ್ಯ. ಅವಳನ್ನ ಜೋಪಾನವಾಗಿ ನೋಡ್ಕೋ," ಅಂದರು.

ನನಗೆ ಆಕಾಶ ಮೂರೇ ಗೇಣು. ಹಿರಿಯ ಸೊಸೆ ಅಂದರೆ ಸುಮ್ಮನೇನಾ? ಏರ್‌ಪೋರ್ಟಿನಲ್ಲಿ ಸಿಕ್ಕ ತಕ್ಷಣ ವಾರಗಿತ್ತಿಗೆ ಗಂಭೀರವಾಗಿ ಹೇಳಿದೆ: "ನೋಡು, ನೀನೇನೂ ಹೆದರಬೇಡ. ನಿನ್ನನ್ನ ನೋಡ್ಕೋ ಅಂತ ಅತ್ತೆ ನನಗೆ ಒಪ್ಪಿಸಿದಾರೆ."

"ಹೌದೇನ್ರಿ?" ಅವಳು ಕಣ್ಣರಳಿಸಿದಳು. "ನಂಗೂ ಫೋನ್ ಮಾಡಿದ್ರು ರೀ ಅಕ್ಕಾ. ನಿಮ್ಮನ್ನ ನೋಡ್ಕೋ ಅಂದ್ರು. ಅವಳಿಗೆ ವಯಸ್ಸಾತು, ಹಟಕ್ಕ ಬಿದ್ದು ಹೊಂಟಾಳ, ಎತ್ತಿಕೊಂಡಾದ್ರೂ ಕರಕೊಂಡು ಬಾ ಅಂದ್ರು."

ದೀದಿ ಮತ್ತು ಮಾತಾಜಿ

ಹಿಮಾಚಲದಲ್ಲಿ ನಮ್ಮ ಗುಂಪಿಗೆ ಒಬ್ಬ ಗೈಡ್ ಸಿಕ್ಕಿದ. ಆ ಕಣಿವೆಯವನೇ, ಇನ್ನೂ ಮೂವತ್ತಾಗದ ನಗುಮುಖದವನು. ನಡಿಗೆ ಶುರು ಮಾಡುವ ಮುಂಚೆ ಎಲ್ಲರ ಶೂ ಲೇಸು ನೋಡುತ್ತಾ ಬಂದ. ನನ್ನ ವಾರಗಿತ್ತಿಗೆ, "ದೀದಿ, ಬಿಲ್ಕುಲ್ ಠೀಕ್," ಅಂದ. ನನ್ನ ಮುಂದೆ ಬಗ್ಗಿ, "ಮಾತಾಜಿ, ಸ್ವಲ್ಪ ಬಿಗಿ ಮಾಡಿಕೊಳ್ಳಿ," ಅಂದ.

ಮಾತಾಜಿ! ನಾಲ್ಕು ವರ್ಷಕ್ಕೆ ಒಂದು ತಲೆಮಾರು ದಾಟಿಸಿಬಿಟ್ಟನಲ್ಲ ಪುಣ್ಯಾತ್ಮ.

ಪೈನ್ ಮರಗಳ ಕಾಡು, ತೊರೆ, ಮೇಲೆ ಹಿಮದ ಗೋಡೆ, ಎಲ್ಲಾ ಇತ್ತಂತೆ. ಆಮೇಲೆ ಫೋಟೋದಲ್ಲಿ ನೋಡಿದೆ. ಮೊದಲ ದಿನ ಪೂರ್ತಿ ನನ್ನ ತಲೆಯಲ್ಲಿ ಇದ್ದಿದ್ದು 'ಮಾತಾಜಿ' ಒಂದೇ. ಅವಳಿಗೆ ಹಿಂದಿ ಸಲೀಸು. ಅಡುಗೆಯವನ ಊರು, ಮಕ್ಕಳು, ಹೇಸರಗತ್ತೆಗಳ ಹೆಸರು, ಎಲ್ಲಾ ವಿಚಾರಿಸಿಕೊಂಡು ನಗುತ್ತಾ ಹೋಗುತ್ತಿದ್ದಳು. ನನ್ನ ಹಿಂದಿ ಮೈಸೂರಿನ ಸ್ಕೂಲಿನಲ್ಲಿ ಪರೀಕ್ಷೆ ಪಾಸಾಗಲು ಕಲಿತದ್ದು. ಪಾಸಾದ ದಿನವೇ ಮರೆತಿದ್ದೆ.

ಸಂಜೆ ಕ್ಯಾಂಪಿನಲ್ಲಿ ಧೈರ್ಯ ಮಾಡಿ ಗೈಡನ್ನೂ ಅಡುಗೆಯವನನ್ನೂ ಒಟ್ಟಿಗೆ ನಿಲ್ಲಿಸಿಕೊಂಡೆ. ವಾರಗಿತ್ತಿಯ ಕಡೆ ಕೈ ತೋರಿಸಿ, "ವೋ ದೀದಿ," ಅಂದೆ. ನನ್ನ ಎದೆ ಮುಟ್ಟಿಕೊಂಡು, "ಮೈ ದೀದಿ ಕಾ..." ಅಂತ ಶುರು ಮಾಡಿದೆ. 'ನಾನು ದೀದಿಯ' ಅಂತ ಆಯಿತು, ಮುಂದೆ 'ಅಕ್ಕ' ಅನ್ನಬೇಕಿತ್ತು. ಅಕ್ಕ ಅನ್ನೋದಕ್ಕೂ ಹಿಂದಿಯಲ್ಲಿ ದೀದಿಯೇ ಅಂತ ಆ ಕ್ಷಣಕ್ಕೆ ಹೊಳೆಯಲಿಲ್ಲ. ಪದ ಹುಡುಕುತ್ತಾ ನಿಂತೆ. ಇಬ್ಬರೂ ಬಹಳ ಗೌರವದಿಂದ ತಲೆಯಾಡಿಸಿ, "ಸಮಝ್ ಗಯೇ, ಸಮಝ್ ಗಯೇ," ಅಂದರು. ಅರ್ಥವಾಯಿತು ಅಂದರು ತಾನೆ, ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಟೆಂಟಿನ ಜಿಪ್ಪು ಸರಿಯಿತು. ಅಡುಗೆಯವನು ಹಬೆಯಾಡುವ ಎರಡು ಲೋಟ ಹಿಡಿದು ನಿಂತಿದ್ದ. ಹಿಂದೆ ಇದ್ದ ಹುಡುಗನಿಗೆ ಜೋರಾಗಿ ಹೇಳಿದ: "ಇದು ದೀದಿಗೆ. ಶುಂಠಿ ಜಾಸ್ತಿ ಹಾಕಿದ್ದು ದೀದಿಯ ತಾಯಿಗೆ!"

ಯಾರ ಬೆರಳು

ಅಷ್ಟು ಎತ್ತರದಲ್ಲಿ ಗಾಳಿ ತೆಳ್ಳಗೆ. ಅದಕ್ಕೆ ಪ್ರತಿ ಸಂಜೆ ಊಟದ ಟೆಂಟಿನಲ್ಲಿ ಗೈಡ್ ಎಲ್ಲರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುತ್ತಾನೆ. ಇಂಥ ನೂರಾರು ಆಕ್ಸಿಮೀಟರುಗಳನ್ನ ನನ್ನ ಕೌಂಟರಿನಲ್ಲಿ ನಾನೇ ಮಾರಿದ್ದೇನೆ. 'ಇದರಲ್ಲಿ ಒಬ್ಬರ ನಂಬರನ್ನ ಇನ್ನೊಬ್ಬರ ಜೊತೆ ಹೋಲಿಸಬೇಡಿ' ಅಂತ ಗಿರಾಕಿಗಳಿಗೆ ಹೇಳಿದ್ದೂ ನಾನೇ.

ವಾರಗಿತ್ತಿಗೆ ಯಾವಾಗಲೂ ತೊಂಬತ್ತರ ಮೇಲೆ. ನನಗೆ ಎಂಬತ್ತರ ಆಸುಪಾಸು. ನೋಡಿ, ದೊಡ್ಡ ಮನೆ ಇರಲಿ, ಮೇಪಲ್ ಮರ ಇರಲಿ, ಗಾಳಿಯಲ್ಲೂ ಅವಳಿಗೇ ಹೆಚ್ಚು ಪಾಲಾ? ನಾನು ನಂಬರ್ ಏರಿಸಲು ಊಟದ ಟೆಂಟಿನಲ್ಲಿ ಭಸ್ತ್ರಿಕಾ ಪ್ರಾಣಾಯಾಮ ಶುರು ಮಾಡಿದೆ. ಪಕ್ಕದಲ್ಲಿದ್ದ ದೆಹಲಿಯ ಹೆಂಗಸಿನ ಸೂಪಿನ ಮೇಲಿದ್ದ ಕೊತ್ತಂಬರಿ ಹಾರಿ ಹೋಯಿತು. "ಮಾತಾಜಿ, ಸುಮ್ಮನೆ ಕೂತರೆ ಸಾಕು," ಅಂದ ಗೈಡ್.

ಪಾಸಿನ ಕೆಳಗಿನ ಕೊನೆಯ ಕ್ಯಾಂಪು. ಹೊರಗೆ ಹಿಮದ ಹರಳು ಉದುರುತ್ತಿತ್ತು. ನಾವಿಬ್ಬರೂ ಒಂದೇ ಕಂಬಳಿ ಹೊದ್ದು ಒತ್ತಿಕೊಂಡು ಕೂತಿದ್ದೆವು. ನನಗೆ ತಲೆ ಸಣ್ಣಗೆ ಸಿಡೀತಿತ್ತು, ಹೇಳಿರಲಿಲ್ಲ. ಗೈಡ್ ಮೊದಲೇ ಎಚ್ಚರಿಸಿದ್ದ: ನಂಬರ್ ತೀರಾ ಕಡಿಮೆ ಇದ್ದವರನ್ನ ಮೇಲೆ ಕರೆದೊಯ್ಯಲ್ಲ, ಜೊತೆಗೊಬ್ಬರನ್ನ ಕೊಟ್ಟು ಕೆಳಗೆ ಕಳಿಸ್ತೀನಿ. ಅವನು ನಮ್ಮ ಮುಂದೆ ಮಂಡಿಯೂರಿ, ಕಂಬಳಿಯಿಂದ ಆಚೆ ಬಂದಿದ್ದ ಬೆರಳಿಗೆ ಸಿಕ್ಕಿಸಿದ. ಕಾದ. "ತೊಂಬತ್ತೊಂದು! ವಾಹ್ ಮಾತಾಜಿ!"

ಟೆಂಟಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ನಾನು ಆನಂದ ತಡೆಯಲಾರದೆ ಎರಡೂ ಕೈ ಎತ್ತಿ ಎಲ್ಲರಿಗೂ ನಮಸ್ಕಾರ ಮಾಡಿದೆ.

ಎರಡೂ ಕೈ ಮೇಲಿದ್ದವು. ಆಕ್ಸಿಮೀಟರ್ ಇನ್ನೂ ಕಂಬಳಿಯ ಹತ್ತಿರವೇ ಇತ್ತು.

ಚಪ್ಪಾಳೆ ಒಂದೊಂದಾಗಿ ನಿಂತಿತು. ಗೈಡ್ ಅವಳ ಬೆರಳಿನಿಂದ ತೆಗೆದು ನನ್ನದಕ್ಕೆ ಹಾಕಿದ. ಎಪ್ಪತ್ತೆಂಟು. ಅವನ ನಗು ಹೋಯಿತು. ತಲೆನೋವಾ, ಊಟ ಸೇರುತ್ತಾ, ವಾಂತಿಯಾ ಅಂತ ಒಂದೊಂದೇ ಕೇಳಿದ. "ಬೆಳಿಗ್ಗೆ ಮತ್ತೆ ನೋಡ್ತೀನಿ. ಹೀಗೇ ಇದ್ದರೆ ನೀವು ಕೆಳಗೆ, ಮಾತಾಜಿ." ಇಷ್ಟು ದೂರ ಬಂದು ಅವಳು ದಾಟಿ, ನಾನು ಇಳಿದು ಹೋಗೋದಾ!

ಆಗ ವಾರಗಿತ್ತಿ ಕಂಬಳಿ ಸರಿಸಿ ನೆಟ್ಟಗೆ ಕೂತಳು. ಮೊದಲು ಹಿಂದಿಯಲ್ಲಿ ಗೈಡಿಗೆ, ಆಮೇಲೆ ಕನ್ನಡದಲ್ಲಿ ನನಗೆ ಹೇಳಿದಳು: "ಅಕ್ಕ ಇಳದ್ರ ನಾನೂ ಇಳೀತೀನಿ. ಪಾಸ್ ಎಲ್ಲಿ ಓಡಿ ಹೋಗ್ತದ? ಅಕ್ಕನ್ನ ಒಬ್ಬಾಕಿನ್ನ ಬಿಟ್ಟು ನಾ ಹೋಗಂಗಿಲ್ಲ."

ಟೆಂಟೆಲ್ಲ ಮೂಗು ಒರೆಸಿಕೊಂಡಿತು. ದೆಹಲಿಯವಳು ಎದ್ದು ಬಂದು ಅವಳನ್ನ ಅಪ್ಪಿಕೊಂಡಳು. ಅಡುಗೆಯವನು ಅವಳ ತಟ್ಟೆಗೆ ಇನ್ನೊಂದು ಜಾಮೂನು ಹಾಕಿದ. ನನಗೆ ಬಿಸಿನೀರು ಕುಡಿಸಿದಳು, ಸೂಪು ಕುಡಿಸಿದಳು, ತನ್ನ ಕಾಲುಚೀಲ ತೊಡಿಸಿದಳು. ನನಗೂ ಅಳು ಬಂತು, ಸುಳ್ಳು ಹೇಳಲ್ಲ. ಆದರೆ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿಕೊಂಡು ಯೋಚಿಸಿದೆ: ಆಕ್ಸಿಜನ್ನಿನಲ್ಲೂ ಇವಳೇ ಮುಂದೆ, ತ್ಯಾಗದಲ್ಲೂ ಇವಳೇ ಮುಂದೆ. ಒಂದನ್ನಾದರೂ ನನಗೆ ಬಿಡಬಾರದಾ?

ಮೊದಲ ಹೆಜ್ಜೆ

ಬೆಳಿಗ್ಗೆ ತಲೆನೋವು ಹೋಗಿತ್ತು. ನಂಬರ್ ಎಂಬತ್ತಾರು. ಗೈಡ್ ತಲೆಯಾಡಿಸಿ, "ನಿಧಾನ, ನನ್ನ ಹಿಂದೆಯೇ," ಅಂದ.

ಪಾಸಿಗೆ ಹೋಗುವ ದಾರಿ ಪೂರ್ತಿ ಹಿಮ. ಶೂ ಕೆಳಗೆ ಮುಳ್ಳಿನ ಸರಪಳಿ ಕಟ್ಟಿಕೊಂಡು, ಮುಂದಿನವರ ಹೆಜ್ಜೆಗುಂಡಿಯಲ್ಲೇ ಹೆಜ್ಜೆ ಇಡುತ್ತಾ ಹೋಗಬೇಕು. ಒಂದು ಹೆಜ್ಜೆ, ಎರಡು ಉಸಿರು. ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ದಾರಿಯುದ್ದಕ್ಕೂ ಶಕ್ತಿ ಉಳಿಸಿಕೊಂಡು, ಕೊನೆಯಲ್ಲಿ ಒಂದು ಓಟ ಓಡಿ, ಪಾಸಿನ ಮೇಲೆ ಮೊದಲು ಕಾಲಿಡೋದು ನಾನೇ.

ಮೇಲೆ ಬೆಟ್ಟದ ಏಣು ಕಂಡಿತು, ಅದೇ ಪಾಸು ಅಂದುಕೊಂಡೆ. ಓಡಿದೆ. ಓಟ ಅಂದರೆ, ನೋಡುವವರಿಗೆ ನಡಿಗೆಯಂತೆಯೇ ಕಂಡಿರಬೇಕು. ಏಣಿನ ಮೇಲೆ ನಿಂತು ಕೋಲು ಎತ್ತಿದೆ. "ಮಾತಾಜಿ, ಇದಲ್ಲ. ಮುಂದಿದೆ," ಅಂದ ಗೈಡ್. ಇನ್ನೊಂದು ಏಣು. ಮತ್ತೆ ಓಡಿದೆ, ಮತ್ತೆ ಕೋಲು ಎತ್ತಿದೆ. "ಇದೂ ಅಲ್ಲ, ಮಾತಾಜಿ." ಮೂರನೆಯ ಸಲ ನಾನು ಕೋಲು ಎತ್ತಲಿಲ್ಲ. ಕೈಯಲ್ಲಿ ಶಕ್ತಿ ಇರಲಿಲ್ಲ.

ಕಲ್ಲಿನ ರಾಶಿ, ಬಣ್ಣದ ಬಾವುಟದ ಮಾಲೆ ಕಂಡಾಗ ಹಿಂತಿರುಗಿ ನೋಡಿದೆ. ವಾರಗಿತ್ತಿ ಸ್ವಲ್ಪ ಕೆಳಗೆ ಹಿಮದಲ್ಲಿ ಕೂತುಬಿಟ್ಟಿದ್ದಳು. "ಮೊಣಕಾಲು ಹಿಡಕೊಂಡದ ರೀ. ನೀವು ಮೊದಲ ಹೋಗ್ರಿ ಅಕ್ಕಾ."

ವಿಡಿಯೋ ಮಾಡಲು ಗೈಡ್ ಪಕ್ಕಕ್ಕೆ ಸರಿದಿದ್ದ, ಮಿಕ್ಕವರು ಇನ್ನೂ ಹಿಂದೆ. ನನ್ನ ಮುಂದೆ ಯಾರೂ ಇರಲಿಲ್ಲ. ಪಾಸು ಅಲ್ಲೇ ಇತ್ತು, ಪೂರ್ತಿ ನನ್ನದು. ಎರಡು ಹೆಜ್ಜೆ ಹೋದೆ ಕೂಡ. ಆಮೇಲೆ ಕಾಲು ಮುಂದೆ ಬರಲಿಲ್ಲ. ಬೈಕೊಳ್ಳುತ್ತಾ ವಾಪಸ್ ಇಳಿದೆ. "ಏಳೇ! ಇಲ್ಲೂ ತ್ಯಾಗ ಮಾಡೋಕೆ ಬಿಡಲ್ಲ ನಿನ್ನ!" ಅಂತ ಕಂಕುಳಿಗೆ ಕೈ ಹಾಕಿ ಎಬ್ಬಿಸಿದೆ. ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು, ಮೂಗಲ್ಲಿ ನೀರು, ಕಣ್ಣಲ್ಲಿ ನೀರು, ಹೇಗೋ ಮೇಲೆ ಬಂದೆವು. ಈ ಕಡೆ ಹಸಿರು ಕಣಿವೆ, ಆ ಕಡೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟಗಳು. ತಬ್ಬಿಕೊಂಡು ಅತ್ತೆವು. ಅಷ್ಟು ಹೊತ್ತು ನನಗೆ ಯಾವ ಕಿಚ್ಚೂ ಇರಲಿಲ್ಲ.

ಇಳಿದ ಮೇಲೆ ಶುರುವಾಯಿತು. ಅಷ್ಟಕ್ಕೂ ಮೊದಲು ಕಾಲಿಟ್ಟಿದ್ದು ಯಾರು? ಗೈಡ್ ವಿಡಿಯೋ ಮಾಡಿದ್ದ. ಇಬ್ಬರೂ ತಲೆಗೆ ತಲೆ ತಾಗಿಸಿ, ನಿಲ್ಲಿಸಿ ನಿಲ್ಲಿಸಿ ನೋಡಿದೆವು. ನಾವು ಏರುತ್ತಿದ್ದೇವೆ, ಏರುತ್ತಿದ್ದೇವೆ, ಇನ್ನೇನು ಕಾಲು ಇಡಬೇಕು, ಅಷ್ಟರಲ್ಲಿ ಪರದೆ ತುಂಬ ಕೆಂಪಗೆ ಏನೋ ಅಡ್ಡ ಬಂತು. ವಿಡಿಯೋ ಪ್ರಕಾರ ಆ ದಿನ ಪಾಸಿಗೆ ಮೊದಲು ತಲುಪಿದ್ದು ಗೈಡಿನ ಹೆಬ್ಬೆರಳು.

ಸನ್ಮಾನ

ನ್ಯೂಜೆರ್ಸಿಗೆ ಬಂದ ಮೇಲೆ ನಮ್ಮ ಕನ್ನಡ ಬಳಗದ ದೀಪಾವಳಿ. ಒಂದು ಸ್ಕೂಲಿನ ಕೆಫೆಟೇರಿಯಾದಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ಕು. ಜೆರಿಕೋದಿಂದ ಅವರೂ ಡ್ರೈವ್ ಮಾಡಿಕೊಂಡು ಬಂದಿದ್ದರು. ಹಿಮಾಲಯದ ವಿಚಾರಕ್ಕೆ ವೇದಿಕೆಯಲ್ಲಿ ಸನ್ಮಾನ ಇದೆ ಅಂತ ಗುಟ್ಟಾಗಿ ಸುದ್ದಿ ಬಂದಿತ್ತು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಅವಳು ಇಳಕಲ್ ಉಟ್ಟು, ನನಗಿಂತ ಚೆನ್ನಾಗಿ ಕಾಣುತ್ತಿದ್ದಳು. ಇಬ್ಬರ ಫೋನಿನಲ್ಲೂ ಸ್ಲೈಡು, ಇಬ್ಬರ ನಾಲಗೆಯಲ್ಲೂ ಭಾಷಣ. ಮೊದಲು ಯಾರ ಹೆಸರು ಕರೀತಾರೆ ಅನ್ನೋದೊಂದೇ ನನ್ನ ಚಿಂತೆ.

ಬಳಗದ ಅಧ್ಯಕ್ಷರು ಮೈಕ್ ಹಿಡಿದರು. "ಹಿಮಾಲಯ! ಹದಿನಾಲ್ಕು ಸಾವಿರ ಅಡಿ! ಇದರ ಹಿಂದಿನ ಧೈರ್ಯ, ಸಹನೆ, ತ್ಯಾಗ ಎಂಥದ್ದು ಅಂತ ಯೋಚನೆ ಮಾಡಿ." ನಾನು ಸೆರಗು ಸರಿಮಾಡಿಕೊಂಡೆ. "ಹೆಂಡತಿಯರನ್ನ ಅಷ್ಟು ದೂರ ಕಳಿಸಿ, ಎರಡು ವಾರ ತಾವೇ ಅಡುಗೆ ಮಾಡಿಕೊಂಡು, ತಾವೇ ಬಟ್ಟೆ ಒಗೆದುಕೊಂಡು ಬದುಕಿದ ಈ ಅಣ್ಣತಮ್ಮಂದಿರು ದಯವಿಟ್ಟು ವೇದಿಕೆಗೆ ಬರಬೇಕು!"

ಕೆಫೆಟೇರಿಯಾ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನನ್ನ ಯಜಮಾನರಿಗೂ ಮೈದುನನಿಗೂ ಹಾರ ಬಿತ್ತು, ಶಾಲು ಬಿತ್ತು. ಯಜಮಾನರು ಮೈಕ್ ಮುಂದೆ ನಿಂತು, ಭಾರವಾದ ದನಿಯಲ್ಲಿ ಹೇಳಿದರು: "ಮೊದಲನೇ ದಿನ ಕುಕ್ಕರ್ ಎಷ್ಟು ಹೊತ್ತಾದರೂ ವಿಷಲ್ ಹೊಡೀಲಿಲ್ಲ. ಎರಡನೇ ದಿನ ಗೊತ್ತಾಯ್ತು, ಅದಕ್ಕೆ ವಿಷಲ್ಲನ್ನೇ ಹಾಕಿರಲಿಲ್ಲ."

ಮುಂದಿನ ಸಾಲಿನ ಆಂಟಿಯೊಬ್ಬರು ಕಣ್ಣೊರೆಸಿಕೊಂಡರು.

ಮೈದುನ ಹೇಳಿದ: "ನನ್ನ ಬಿಳಿ ಶರ್ಟುಗಳೆಲ್ಲ ಗುಲಾಬಿ ಆದವು. ಆದರೂ ನಾನು ಅವಳಿಗೆ ಫೋನ್ ಮಾಡಿ ಹೇಳಲಿಲ್ಲ. ಬೆಟ್ಟದ ಮೇಲೆ ಅವಳ ಮನಸ್ಸು ಕೆಡಬಾರದು ಅಂತ." ಬೆಟ್ಟದ ಮೇಲೆ ಸಿಗ್ನಲ್ಲೇ ಇರಲಿಲ್ಲ, ಅದನ್ನ ಯಾರೂ ಕೇಳಲಿಲ್ಲ. ಮತ್ತೆ ಚಪ್ಪಾಳೆ.

ಕೊನೆಗೆ ಅಧ್ಯಕ್ಷರು, "ಈ ಧೀರರ ಪತ್ನಿಯರೂ ಇಲ್ಲೇ ಇದ್ದಾರೆ, ಫೋಟೋಗೆ ಬನ್ನಿ," ಅಂದರು. ನಾವು ಹೋಗಿ ಅಂಚಿನಲ್ಲಿ ನಿಂತೆವು. ಕೆಳಗಿನಿಂದ ಒಬ್ಬರು ಆಂಟಿ ನನ್ನ ಕೈ ಹಿಡಿದು, "ಹಿಮಾಲಯದಲ್ಲಿ ತುಂಬಾ ಚಳಿ ಇತ್ತೇನ್ರಿ?" ಅಂತ ಕೇಳಿದರು. ಅಬ್ಬ, ಒಬ್ಬರಾದರೂ ಕೇಳಿದರಲ್ಲ ಅಂತ, "ಇತ್ತು, ನೀರೆಲ್ಲ ಗಡ್ಡೆ ಕಟ್ಟಿ..." ಅಂತ ಶುರು ಮಾಡಿದೆ.

"ಪಾಪ," ಅಂದರು ಅವರು ನನ್ನ ಯಜಮಾನರ ಕಡೆ ನೋಡುತ್ತಾ, "ಇಲ್ಲಿ ಇವರಿಗೂ ಮನೇಲಿ ಹೀಟರ್ ಹಾಕೋದು ಹೇಗೆ ಅಂತ ಗೊತ್ತಾಗಲಿಲ್ವಂತೆ."

ನಾನು ವಾರಗಿತ್ತಿಯ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಆ ಮುಖದಲ್ಲಿ ಎಂದೂ ಕಾಣದ್ದು ಅವತ್ತು ಕಂಡಿತು: ಅಪ್ಪಟ ಹೊಟ್ಟೆಕಿಚ್ಚು. ನನಗೆ ಅವಳ ಮೇಲೆ ಉಕ್ಕಿ ಬಂದ ಪ್ರೀತಿ ಹೇಳತೀರದು. ಫೋಟೋಗ್ರಾಫರ್ "ಸ್ಮೈಲ್" ಅಂದ. ಅವಳು ಹಲ್ಲು ಬಿಟ್ಟುಕೊಂಡೇ ನನ್ನ ಕಿವಿಯಲ್ಲಿ ಹೇಳಿದಳು:

"ಅಕ್ಕಾ, ಮುಂದಿನ ವರ್ಷ ಇವರಿಬ್ಬರನ್ನೂ ಪಾಸ್ ದಾಟಾಕ ಕಳಸೂಣ್ರಿ. ನಾವು ಮನ್ಯಾಗ ಕುಂತು ಅನ್ನಕ್ಕಿಟ್ಟು, ಶಾಲ್ ಹೊದಿಸಿಕೊಳ್ಳೂಣು."